ನಮ್ಮ ಮನೆತನದ ಚಪ್ಪಾಳೆ

ನನಗೆ ಹಾಡಲು ಬರುವುದಿಲ್ಲ. ಈ ಮಾತನ್ನು ಬೇರೆ ಜಿಲ್ಲೆಯಲ್ಲಿ ಹೇಳಿದರೆ ಯಾರೂ ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ. ಧಾರವಾಡ ಜಿಲ್ಲೆಯಲ್ಲಿ ಹೇಳಿದರೆ ಮಾತ್ರ ಎದುರಿಗಿದ್ದವರು ‘ಅಯ್ಯೋ ಪಾಪ’ ಎಂಬಂತೆ ನೋಡುತ್ತಾರೆ. ಇಲ್ಲಿ ಹಾಡು ಬಾರದವರೂ ಹಾಡಿನ ಜೊತೆ ಏನಾದರೊಂದು ನಂಟು ಇಟ್ಟುಕೊಂಡಿರಲೇಬೇಕು. ಕುಂದಗೋಳದ ಕಡೆಯ ನನ್ನ ಸಹೋದ್ಯೋಗಿಯೊಬ್ಬರ ಅಜ್ಜ ದೊಡ್ಡ ಗವಾಯಿಯೊಬ್ಬರ ತಂಬೂರಿಯನ್ನು ಸ್ಟೇಶನ್ನಿನಿಂದ ಮನೆಯವರೆಗೆ ಹೊತ್ತು ತಂದಿದ್ದರಂತೆ. ಆ ಅಜ್ಜನ ಹೆಗಲನ್ನು ಅವರ ಮನೆಯವರು ಇಂದಿಗೂ ನೆನೆಯುತ್ತಾರೆ. ಮತ್ತೊಬ್ಬರ ಅತ್ತೆ ಮಾಡಿದ ಮೆಣಸಿನ ಸಾರು ಕುಡಿದು ಇನ್ನೊಬ್ಬ ಗವಾಯಿಯ ಕಟ್ಟಿದ ಗಂಟಲು ಬಿಟ್ಟಿತ್ತಂತೆ. ಅವರು ಹೇಳುವ ಧಾಟಿ ನೋಡಿದರೆ ಅಂದು ಹಾಡಿದ್ದು ಗವಾಯಿಯೋ ಸಾರೋ ಎಂಬ ಅನುಮಾನ ಬರುತ್ತದೆ. ಅಣ್ಣಿಗೇರಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಇಂಥವು ಒಂದೊಂದಾಗಿ ಹೊರಬರುತ್ತವೆ. ನನ್ನ ಸರದಿ ಬರುವವರೆಗೆ ನಾನು ಬಿಸ್ಕೀಟು ಅದ್ದುತ್ತ ಸುಮ್ಮನಿರುತ್ತೇನೆ. ಆಮೇಲೆ ಹೇಳುತ್ತೇನೆ: ನಮ್ಮ ಮನೆತನದ್ದು ಒಂದು ಚಪ್ಪಾಳೆ ಇದೆ. ಜರ್ಮನಿಯಲ್ಲಿ ಹೊಡೆದದ್ದು. ರೆಕಾರ್ಡ್ ಆಗಿದೆ.

ಸಾರು, ಹೆಗಲು ಎಲ್ಲ ಅಲ್ಲಿಗೆ ಬಾಯಿ ಮುಚ್ಚುತ್ತವೆ. ಅವುಗಳಿಗೆ ಸಾಕ್ಷಿ ಇಲ್ಲ, ನಮ್ಮದಕ್ಕೆ ಇದೆ.

ಚಪ್ಪಾಳೆ ನನ್ನ ಕಾಕಾನದು. ನನ್ನ ತಂದೆಯ ತಮ್ಮ, ಮೊರಬದ ಗುರುಸಿದ್ದಪ್ಪ. ರೆಕಾರ್ಡು ಎಪ್ಪತ್ತರ ದಶಕದ್ದು. ಒಂದು ಇಂಗ್ಲಿಷ್ ಬ್ಯಾಂಡು ಜರ್ಮನಿಯ ಸಭಾಂಗಣವೊಂದರಲ್ಲಿ ನಡೆಸಿದ ಕಛೇರಿಯನ್ನು ಇದ್ದದ್ದು ಇದ್ದಹಾಗೆ ಹಿಡಿದಿಟ್ಟದ್ದು. ಬ್ಯಾಂಡಿನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಹೇಳಿದೆನೆಂದರೆ ನೀವು ಈ ಪ್ರಬಂಧವನ್ನು ಇಲ್ಲಿಗೇ ಬಿಟ್ಟು ಫೋನಿನಲ್ಲಿ ಅದನ್ನು ಹುಡುಕಲು ಹೋಗುತ್ತೀರಿ, ಹಿಂದಿರುಗಿ ಬರುವ ಖಾತ್ರಿ ನನಗಿಲ್ಲ. ರಾಕ್ ಸಂಗೀತದ ಗಿಟಾರು, ಜಾಝಿನ ಬುದ್ಧಿ, ಇವೆರಡನ್ನೂ ಕೂಡಿಸಿ ನುಡಿಸುವವರು ಆ ಕಾಲದಲ್ಲಿ ಬಹಳ ಮಂದಿ ಇದ್ದರಂತೆ. ಮೂರು ನಿಮಿಷದ ಹಾಡು ಎಂದರೆ ಅವರಿಗೆ ಅವಮಾನ. ರೆಕಾರ್ಡಿನ ತಟ್ಟೆಯ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ಅದು ಶುರುವಾದಾಗ ಕಾಕು, ಅಂದರೆ ಕಾಕಾನ ಹೆಂಡತಿ, ಒಲೆಯ ಮೇಲೆ ಹಂಚಿಟ್ಟರೆ ಮುಗಿಯುವುದರೊಳಗೆ ಮನೆಮಂದಿಗೆಲ್ಲ ಸಾಲುವಷ್ಟು ರೊಟ್ಟಿ ಬುಟ್ಟಿಯಲ್ಲಿರುತ್ತಿದ್ದವು. ಹೊರಗಿನವರಿಗೆ ಇದು ಅತಿರೇಕ ಅನ್ನಿಸಿರಬಹುದು. ನಮ್ಮ ಕಡೆಯವರಿಗೆ ಏನೂ ಅನ್ನಿಸಲಿಲ್ಲ. ಖಯಾಲಿನ ಒಂದು ಸಾಲಿನ ಚೀಜನ್ನು ಒಂದು ಗಂಟೆ ಹಾಡಿದರೂ ‘ಯಾಕ, ಇಷ್ಟ ಲಗೂ ಮುಗಿಸಿದ್ರಿ?’ ಎಂದು ಕೇಳುವ ಜನ ನಾವು.

ಕಛೇರಿಯಲ್ಲಿ ಹಿಡಿದ ರೆಕಾರ್ಡುಗಳ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿನಲ್ಲಿ ಹಾಡುಗಾರರು ಮಾತ್ರ ಇರುತ್ತಾರೆ. ಕಛೇರಿಯದರಲ್ಲಿ ಕೇಳುಗರೂ ಇರುತ್ತಾರೆ. ಯಾರೋ ಕೆಮ್ಮುತ್ತಾರೆ, ಯಾರೋ ತಡವಾಗಿ ಬಂದು ಕುರ್ಚಿ ಎಳೆಯುತ್ತಾರೆ, ಯಾರೋ ಹುರುಪು ತಾಳಲಾರದೆ ಶಿಳ್ಳೆ ಹಾಕುತ್ತಾರೆ. ಆ ಕೆಮ್ಮು ಯಾವಾಗಲೋ ವಾಸಿಯಾಗಿರಬೇಕು, ಕೆಮ್ಮಿದವರು ಇದ್ದಾರೋ ಇಲ್ಲವೋ. ಆದರೆ ತಟ್ಟೆ ತಿರುಗಿದಾಗಲೆಲ್ಲ ಅವರು ಸರಿಯಾಗಿ ಅದೇ ಜಾಗದಲ್ಲಿ ಕೆಮ್ಮುತ್ತಾರೆ. ಹೆಸರಿಲ್ಲದವರಿಗೆ ಸಿಗುವ ಇಂಥ ಅಮರತ್ವ ನನಗೆ ಬಹಳ ಹಿಡಿಸುತ್ತದೆ. ನಮ್ಮ ಮನೆಯವರೊಬ್ಬರಿಗೂ ಅದು ಸಿಕ್ಕಿದೆ ಎಂಬುದು ಇನ್ನೂ ಹೆಚ್ಚು ಹಿಡಿಸುತ್ತದೆ.

ಕಾಕಾ ಜರ್ಮನಿಗೆ ಹೋದದ್ದು ಸಂಗೀತ ಕೇಳಲಿಕ್ಕಲ್ಲ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ಎಂಜಿನು ಮಾಡುವ ಒಂದು ಕಂಪನಿಯಲ್ಲಿ ಅವರು ಕೆಲಸಕ್ಕಿದ್ದರು. ಕಂಪನಿಯವರು ತರಬೇತಿಗೆಂದು ಅಲ್ಲಿಯ ಒಂದು ಕಾರ್ಖಾನೆಯ ಊರಿಗೆ ಕಳಿಸಿದ್ದರು. ಅಲ್ಲಿಯ ವಸತಿಗೃಹದಲ್ಲಿ ಜೊತೆಗಿದ್ದ ಒಬ್ಬನಿಗೆ ಜ್ವರ ಬಂತು. ಅವನ ಟಿಕೆಟ್ಟು ಕೆಡಬಾರದೆಂದು ಕಾಕಾ ಹೋದರು. ಸಂಗೀತದ ಕಾರ್ಯಕ್ರಮ ಎಂದಷ್ಟೇ ಗೊತ್ತಿತ್ತು. ಮಡಿಸಿಟ್ಟಿದ್ದ ಕೋಟು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಎಡಗಡೆ ಮುಂದಿನ ಸಾಲುಗಳಲ್ಲಿ ಕುಳಿತರು. ಪಿಯಾನೋದವನ ಬೆರಳು ಕಾಣುವಷ್ಟು ಹತ್ತಿರ ಸಿಕ್ಕಿತ್ತು ಎಂದು ಈಗಲೂ ಹೇಳುತ್ತಾರೆ. ಸುತ್ತಲಿನವರ ಉದ್ದ ಕೂದಲು ನೋಡಿ ಇವರೆಲ್ಲ ಯಾವುದೋ ಮಠದವರಿರಬೇಕು ಅಂದುಕೊಂಡರಂತೆ.

ಮುಂದಿನದು ತಿಳಿಯಬೇಕಾದರೆ ನೀವು ಸ್ವಲ್ಪ ಹೊತ್ತು ಜರ್ಮನಿ ಬಿಟ್ಟು ಮೊರಬಕ್ಕೆ ಬರಬೇಕು. ಕಾಕಾ ಹುಡುಗರಿದ್ದಾಗಿನಿಂದ ಊರ ಮಠದ ಭಜನೆಯಲ್ಲಿ ತಾಳ ಹಿಡಿದವರು, ಅಂದರೆ ಆ ಎರಡು ಪುಟ್ಟ ಹಿತ್ತಾಳೆ ಬಟ್ಟಲುಗಳನ್ನು ಬಾರಿಸಿದವರು. ತಬಲಾಕ್ಕೆ ಫಕೀರಪ್ಪಜ್ಜ ಎಂಬುವರು ಇರುತ್ತಿದ್ದರು. ಕೈ ಬಹಳ ಚೆನ್ನ, ಆದರೆ ತಂಬಾಕಿನ ಚಟ. ಪದದ ನಟ್ಟನಡುವೆ, ಹಾಡುವವರು ಮೈಮರೆತಿರುವಾಗ, ತಬಲಾ ಬಿಟ್ಟು ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಲು ಶುರುಮಾಡುತ್ತಿದ್ದರು. ಆಗ ಭಜನೆಯನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು ತಾಳದವನ ಕೆಲಸ. ಹಾಡುವವರು ಎಲ್ಲಿ ಹೋದರೂ, ತಬಲಾದವರು ಏನು ತಿಂದರೂ, ತಾಳ ಬಿಡಬಾರದು. ಅಜ್ಜ ತಂಬಾಕು ದವಡೆಗಿಟ್ಟು, ಕೈ ಝಾಡಿಸಿ, ಕಣ್ಣುಮುಚ್ಚಿ ಎರಡು ಸಲ ತಲೆಯಾಡಿಸಿ, ಕಾಕಾನ ತಾಳ ನೋಡಿಕೊಂಡು ಸರಿಯಾಗಿ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುತ್ತಿದ್ದರು. ನಮ್ಮ ಭಜನೆಯಲ್ಲಿ ಅದು ಯಾರೂ ಹೇಳಿಕೊಡದ, ಎಲ್ಲರಿಗೂ ಗೊತ್ತಿರುವ ರೀತಿ.

ಈಗ ಜರ್ಮನಿಗೆ ಮರಳಿ. ಬ್ಯಾಂಡಿನವರು ಏಳು ಮಾತ್ರೆಯ ಒಂದು ಕೃತಿ ನುಡಿಸುತ್ತಿದ್ದರು. ಮಂದಿ ಹುರುಪಿನಿಂದ ನಾಲ್ಕರ ಲೆಕ್ಕದಲ್ಲಿ ಚಪ್ಪಾಳೆ ಹಾಕುತ್ತಿದ್ದರು. ಏಳರ ಹಾಡಿಗೆ ನಾಲ್ಕರ ಚಪ್ಪಾಳೆ ಹಾಕಿದರೆ ಏನಾಗುತ್ತದೆ ಎಂದು ಗಣಿತದ ಮಾಸ್ತರಿಣಿಯಾದ ನಾನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಅವರಿಗೆ ಬರೆಯದೆಯೇ ಗೊತ್ತಾಯಿತು, ಒಬ್ಬೊಬ್ಬರಾಗಿ ಕೈ ಬಿಟ್ಟರು. ಅಷ್ಟರಲ್ಲಿ ಡ್ರಮ್ಮಿನವನು ಥಟ್ಟನೆ ನಿಲ್ಲಿಸಿಬಿಟ್ಟ. ಗಿಟಾರಿನವನೂ ನಿಲ್ಲಿಸಿದ. ಅದು ಅವರು ಬೇಕೆಂದೇ ಮಾಡಿದ ನಿಲುಗಡೆ, ಕೃತಿಯ ಒಂದು ಭಾಗ. ಕಾಕಾಗೆ ಅದು ಹೇಗೆ ಗೊತ್ತಾಗಬೇಕು? ‘ಇಂವಗೂ ತಂಬಾಕಿನ ಚಟ ಐತಿ’ ಎಂದು ಅವರು ತಿಳಿದರು. ಪರದೇಶದ ಇಷ್ಟು ದೊಡ್ಡ ಸಭೆಯಲ್ಲಿ ತಾಳ ಹಿಡಿಯುವವರು ಒಬ್ಬರೂ ಇಲ್ಲವಲ್ಲ ಎಂದು ಕನಿಕರಪಟ್ಟು, ಮೊರಬದ ಮಠದಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಬಟ್ಟಲುಗಳಿರಲಿಲ್ಲ, ಕೈಯಿಂದಲೇ ನಮ್ಮ ಕಡೆಯ ಏಳು ಮಾತ್ರೆಯ ರೂಪಕ ತಾಳ ಹಿಡಿದರು. ಸುಮಾರು ಹೊತ್ತು ಹಿಡಿದರು. ಡ್ರಮ್ಮಿನವನು ಕೊನೆಗೆ ಕೋಲೆತ್ತಿ ಆ ಚಪ್ಪಾಳೆಯ ಸಮ್‌ನ ಮೇಲೆಯೇ ಬಂದು ಇಳಿದ. ಅವನು ತನ್ನ ತಲೆಯೊಳಗೆ ಎಣಿಸಿಕೊಂಡೇ ಬಂದಿರಬಹುದು ಎಂದು ನಾನು ಒಮ್ಮೆ ಮೆಲ್ಲಗೆ ಸೂಚಿಸಿದ್ದೆ. ಕಾಕಾ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು.

ಆ ಕಛೇರಿಯ ರೆಕಾರ್ಡು ಹೊರಬಂದದ್ದು ಅವರು ಊರಿಗೆ ಹೊರಡುವ ಹೊತ್ತಿಗೆ. ಕವಚದ ಮೇಲೆ ಸಭಾಂಗಣದ ಹೆಸರು ನೋಡಿ ಕೊಂಡರು. ಅದನ್ನು ಕೇಳಲು ಬೇಕೆಂದು ಪ್ಲೇಯರನ್ನೂ ಕೊಂಡರು. ಎಲ್ಲ ಹಡಗಿನಲ್ಲಿ ಬಂತು. ಮೊರಬದ ಪಡಸಾಲೆಯಲ್ಲಿ ಮೊದಲ ಸಲ ತಟ್ಟೆ ತಿರುಗಿದಾಗ, ಡ್ರಮ್ಮು ನಿಂತು, ಎಲ್ಲ ನಿಶ್ಶಬ್ದವಾಗಿ, ಆ ನಿಶ್ಶಬ್ದದಲ್ಲಿ ಒಂದೇ ಒಂದು ಚಪ್ಪಾಳೆ ಕೇಳಿಸಿತು. ‘ನಾನಽ ಇದು!’ ಎಂದು ಕಾಕಾ ಕೂಗಿದ್ದು ಹಿತ್ತಲಿನವರೆಗೆ ಕೇಳಿಸಿತ್ತಂತೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅದಕ್ಕೆ ದೇವರ ಕೋಣೆಯ ನಂತರದ ಸ್ಥಾನ. ಬೀಗರು ಬಂದರೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಚಪ್ಪಾಳೆ. ಯಮನೂರಿನ ಉರುಸಿಗೆ ಹೋಗುವ ದಾರಿಯಲ್ಲಿ ಇಳಿದ ನೆಂಟರಿಗೂ ಬಿಡುಗಡೆ ಇರುತ್ತಿರಲಿಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನನಗೆ ಹಾಡಲು ಬರುತ್ತದೆಯೇ ಎಂದು ಕೇಳಿದರು. ನಮ್ಮಪ್ಪ ಉತ್ತರ ಕೊಡುವ ಬದಲು ರೆಕಾರ್ಡು ಹಚ್ಚಿದರು. ಆ ಸಂಬಂಧ ಕೂಡಿ ಬಂತು. ಹಾಡಿನಿಂದ ಬಂತೋ, ಹಾಡು ಮುಗಿಯಲಿ ಎಂದು ಅವರು ಒಪ್ಪಿಕೊಂಡರೋ, ಈವರೆಗೆ ನನ್ನ ಗಂಡ ಬಾಯಿ ಬಿಟ್ಟಿಲ್ಲ. ಮಕ್ಕಳಾದ ನಮಗೆಲ್ಲ ಆ ಸದ್ದು ಬಾಯಿಪಾಠ. ಅಗಲವಾದ ಅಂಗೈಯ, ಒಳಗೆ ಪೊಳ್ಳಿರುವ, ‘ಧಪ್’ ಎನ್ನುವ ಗಟ್ಟಿ ಚಪ್ಪಾಳೆ ಅದು. ನಮ್ಮ ಶಾಲೆಯ ಗಂಟೆಯ ಸದ್ದಿಗಿಂತ ಚೆನ್ನಾಗಿ ನಾನು ಅದನ್ನು ಗುರುತಿಸಬಲ್ಲೆ.

ಈ ವರ್ಷ ನಮ್ಮ ಶಾಲೆಯ ಸ್ನೇಹಸಮ್ಮೇಳನಕ್ಕೆ ಅತಿಥಿ ಯಾರು ಎಂಬ ಮಾತು ಬಂದಾಗ ನಾನು ತಡಮಾಡಲಿಲ್ಲ. ಕಾಕಾನನ್ನು ಕರೆಯೋಣ, ಮಕ್ಕಳ ಮುಂದೆ ರೆಕಾರ್ಡು ಕೇಳಿಸೋಣ, ಮೊರಬದ ಒಬ್ಬ ಮನುಷ್ಯ ಜರ್ಮನಿಯಲ್ಲಿ ತಾಳ ಹಿಡಿದ ಕತೆಯನ್ನು ಅವರ ಬಾಯಿಂದಲೇ ಹೇಳಿಸೋಣ ಎಂದೆ. ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ನಾನು ಮಾಡಿದ ಪ್ರಚಾರ ಸುಳ್ಳಾಗಲಿಲ್ಲ, ಹೆಡ್‌ಮಾಸ್ತರರು ಒಪ್ಪಿದರು. ಆಮಂತ್ರಣ ಪತ್ರಿಕೆಯೂ ಅಚ್ಚಾಯಿತು. ಹಳೆಯ ಪ್ಲೇಯರನ್ನು ಶಾಲೆಗೆ ಹೊತ್ತು ತರುವುದು ಬೇಡವೆಂದು ಆ ರೆಕಾರ್ಡು ಅಂತರ್ಜಾಲದಲ್ಲಿದೆಯೇ ಎಂದು ಮೊದಲ ಸಲ ಹುಡುಕಿದೆ. ಮೂಲವೇ ಮನೆಯಲ್ಲಿರುವಾಗ ನಕಲು ಯಾಕೆ ಎಂಬ ಬಿಗುಮಾನದಿಂದ ಅದುವರೆಗೆ ಯಾರೂ ಹುಡುಕಿರಲಿಲ್ಲ. ಸಿಕ್ಕಿತು. ಉತ್ತರಪತ್ರಿಕೆ ತಿದ್ದುವವರಿಗೆ ಇರುವ ಚಾಳಿಯಂತೆ, ಹಾಡು ಕೇಳುವ ಮೊದಲು ಕೆಳಗೆ ಯಾರು ಏನು ಬರೆದಿದ್ದಾರೆ ಎಂದು ಓದಿದೆ.

ಒಬ್ಬ ಹೆಣ್ಣುಮಗಳು ಬರೆದಿದ್ದಳು: ನಡುವೆ ಡ್ರಮ್ಮು ನಿಂತಾಗ ಕೇಳುವ ಆ ಗಟ್ಟಿ ಚಪ್ಪಾಳೆ ನನ್ನ ಅಪ್ಪನದು. ಬಾಲ್ಕನ್ ಬೆಟ್ಟಗಳ ಒಂದು ಹಳ್ಳಿಯಿಂದ ದುಡಿಯಲು ಆ ಊರಿಗೆ ಬಂದಿದ್ದರು. ನಮ್ಮ ಹಳ್ಳಿಯ ಮದುವೆಗಳಲ್ಲಿ ಕುಣಿಯುವುದು ಏಳರ ಲೆಕ್ಕಕ್ಕೇ, ಹಾಗಾಗಿ ಅವರಿಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು. ಇಂದು ಅಪ್ಪನಿಲ್ಲ, ಇದನ್ನು ಕೇಳಿದಾಗ ಇದ್ದಂತೆ ಅನ್ನಿಸುತ್ತದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಕದಿಯುವವರು ಬಂಗಾರ ಕದಿಯಲಿ, ಹೊಲದ ಬದು ಒತ್ತಲಿ, ಚಪ್ಪಾಳೆ ಕದಿಯುವುದುಂಟೇ? ಅದೂ ತೀರಿಕೊಂಡ ಅಪ್ಪನನ್ನು ಮುಂದೆ ಮಾಡಿಕೊಂಡು! ಹಾಡು ಕೇಳುವುದನ್ನು ಬಿಟ್ಟು ಉತ್ತರ ಬರೆಯಲು ಕುಳಿತೆ. ಇಂಗ್ಲಿಷಿನಲ್ಲಿ ನಾನು ಜಗಳ ಆಡಿದ್ದು ಕಡಿಮೆ, ಹಾಗಾಗಿ ಮಾತಿಗೆ ಕಾವು ಸಾಲದೆ ಮತ್ತೆ ಮತ್ತೆ ಅಳಿಸಿ ಬರೆದೆ. ಬರೆದದ್ದನ್ನು ಕಳಿಸುವ ಮೊದಲು ಒಂದು ಅನುಮಾನ ತಲೆ ಹಾಕಿತು. ಅವಳ ಮಾತಿನಲ್ಲಿ ಹುರುಳಿದ್ದರೆ? ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತ ಕಾಕಾನ ಎದುರು ಯಾರಾದರೂ ಎದ್ದು ಫೋನು ತೋರಿಸಿ, ಇದು ನಿಮ್ಮದಲ್ಲವಂತಲ್ಲ ಎಂದು ಕೇಳಿದರೆ? ಅವರ ಜೀವಮಾನದ ಹೆಮ್ಮೆ ಅದೊಂದೇ. ಎಂಜಿನು ಎಷ್ಟೋ ಮಂದಿ ಮಾಡಿದ್ದಾರೆ, ಆ ತಾಳ ಹಿಡಿದವರು ಅವರೊಬ್ಬರೇ ಎಂದು ನಾವೆಲ್ಲ ನಂಬಿದ್ದೆವು. ರವಿವಾರ ನವಲಗುಂದದಲ್ಲಿ ಬಸ್ಸು ಬದಲಿಸಿ ಮೊರಬಕ್ಕೆ ಹೋದೆ.

ಕಾಕಾನ ಮನೆಯಲ್ಲಿ ಆಗ ಸಂಡಿಗೆಯ ಹಂಗಾಮು. ಕಾಕು ಮಾಳಿಗೆಯಿಂದ ಇಳಿದು ಬಂದು, ‘ಏನವಾ ಶಕ್ಕೂ, ಮಾರಿ ಯಾಕ ಹಿಂಗ ಮಾಡಿ?’ ಎಂದರು. ನಾನು ಕಾಕಾನ ಪಕ್ಕ ಕುಳಿತು, ಆದಷ್ಟು ಹಗುರ ಮಾಡಿ, ಆ ಹೆಣ್ಣುಮಗಳು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದು ಕಾದೆ. ಅವರಿಗೆ ಎಂಬತ್ತು ದಾಟಿದೆ, ಸಿಟ್ಟು ಮಾತ್ರ ಇನ್ನೂ ನಲವತ್ತರದು. ಅಂದು ಅದು ಬರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

‘ಅಂವ ಎಲ್ಲಿ ಕುಂತಿದ್ದಂತ?’ ಎಂದರು.

‘ಅದನ್ನ ಬರದಿಲ್ರಿ ಕಾಕಾ.’

‘ಆಚಿ ಕಡೆ ಕುಂತಿದ್ದ. ಬಲಕ್ಕ. ನನಗ ಕೇಳಸ್ತಿತ್ತು.’

ನನಗೆ ಅರ್ಥವಾಗಲಿಲ್ಲ. ಕಾಕಾ ನಿಧಾನವಾಗಿ ಹೇಳಿದರು. ಅಂದು ಅವರು ತಾಳ ಹಿಡಿದ ಮೇಲೆ, ಸಭಾಂಗಣದ ಆಚೆ ತುದಿಯಿಂದ ಇನ್ನೊಂದು ಚಪ್ಪಾಳೆ ಕೇಳಿಸಿತ್ತು. ಸರಿಯಾಗಿ ಅದೇ ಮಾತ್ರೆಗೆ. ಕತ್ತಲಲ್ಲಿ ಮುಖ ಕಾಣಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಹೊರಗೆ ಬರುವ ಅಷ್ಟೂ ಮಂದಿಯ ಕೈ ನೋಡಿದರಂತೆ. ಕೈ ನೋಡಿ ಯಾರನ್ನು ಗುರುತಿಸಲು ಸಾಧ್ಯ? ಊರಿಗೆ ಬಂದು ರೆಕಾರ್ಡು ಹಚ್ಚಿದರೆ ಅದರಲ್ಲಿ ಒಂದೇ ಚಪ್ಪಾಳೆ.

‘ಅದಕ್ಕ, ಅದು ನಂದಽ ಗ್ವಾಡಿಗೆ ಬಡದು ವಾಪಸ್ ಬಂದಿದ್ದು, ಅಂತ ತಿಳಕೊಂಡೆ. ಯಾರ ಮುಂದೂ ಹೇಳಲಿಲ್ಲ. ಖರೇನ ಅಲ್ಲಿ ಒಬ್ಬ ಮನಷ್ಯಾ ಇದ್ದನೋ, ನನಗ ಭ್ರಮಾನೋ, ಇವತ್ತಿಗೂ ನನಗ ತಿಳಿದಿಲ್ಲ ನೋಡು.’

ಇಷ್ಟು ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರ ಎದುರು ಮೆರೆದ ಮನುಷ್ಯ ಒಳಗೆ ಇಂಥದೊಂದು ಪ್ರಶ್ನೆ ಇಟ್ಟುಕೊಂಡಿದ್ದರು. ನನಗೆ ಮೊದಲ ಸಲ ನನ್ನ ಜಗಳದ ಬಗ್ಗೆ ನಾಚಿಕೆಯಾಯಿತು. ಹಾಗಾದರೆ ಕೇಳಿಯೇ ನೋಡೋಣ ಎಂದು ಫೋನಿಗೆ ಇಯರ್‌ಫೋನು ಸಿಕ್ಕಿಸಿದೆ. ಒಂದು ಗುಂಡಿಯನ್ನು ಕಾಕಾನ ಕಿವಿಗೆ ಇಟ್ಟೆ, ಇನ್ನೊಂದನ್ನು ನಾನು ಇಟ್ಟುಕೊಂಡೆ. ಕಾಲೇಜು ಹುಡುಗಿಯರು ಬಸ್ಸಿನಲ್ಲಿ ಕೂರುವ ಹಾಗೆ ತಲೆಗೆ ತಲೆ ತಾಗಿಸಿ ಕುಳಿತೆವು.

ಡ್ರಮ್ಮು ನಿಂತಿತು. ನನ್ನ ಕಿವಿಯಲ್ಲಿ ಪರಿಚಿತ ನಿಶ್ಶಬ್ದ, ಆಮೇಲೆ ನಮ್ಮ ಚಪ್ಪಾಳೆ, ಧಪ್ ಎಂದು, ಒಂದಿಷ್ಟೂ ಬದಲಾಗದೆ. ಕಾಕಾ ಮಾತ್ರ ಬೆಚ್ಚಿಬಿದ್ದರು.

‘ಪಿಯಾನೋ!’ ಎಂದರು. ‘ಪಿಯಾನೋ ಬಾರಸಾಕತ್ತಾನ!’

‘ಎಲ್ಲಿ ಪಿಯಾನೋ ರೀ ಕಾಕಾ? ಇಲ್ಲಿ ಎಲ್ಲಾ ಸುಮ್ಮನಽ ಐತಿ.’

ಗುಂಡಿಗಳನ್ನು ಅದಲು ಬದಲು ಮಾಡಿ ಮತ್ತೆ ಕೇಳಿದೆವು. ನನ್ನ ಎಡಗಿವಿಯಲ್ಲಿ ಈಗ ಪಿಯಾನೋ. ನಾವು ಅಷ್ಟು ವರ್ಷ ಉಸಿರು ಬಿಗಿಹಿಡಿದು ಪೂಜಿಸಿದ ಆ ನಿಶ್ಶಬ್ದದ ತುಂಬ ಒಬ್ಬ ಮನುಷ್ಯ ಪಿಯಾನೋ ನುಡಿಸುತ್ತಿದ್ದ. ಅದರ ಜೊತೆಗೆ ಒಂದು ಚಪ್ಪಾಳೆ, ತೆಳ್ಳಗೆ, ಚುರುಕಾಗಿ, ‘ಚಟ್’ ಎಂದು. ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಕೇಳದ ಚಪ್ಪಾಳೆ.

ಆಗ ಪ್ಲೇಯರಿನ ಕಡೆ ನೋಡಿದೆವು. ಅದಕ್ಕೆ ಸದ್ದಿನ ಡಬ್ಬಿಗಳು, ಅಂದರೆ ಸ್ಪೀಕರುಗಳು, ಎರಡಿದ್ದವು. ಹಡಗಿನಲ್ಲಿ ಬರುವಾಗ ಎಡಗಡೆಯದು ಒಳಗೆ ಒಡೆದುಹೋಗಿತ್ತು. ನವಲಗುಂದದ ರೇಡಿಯೋ ರಿಪೇರಿಯವರು ನೋಡಿ, ‘ಒಂದು ಸಾಕ್ರಿ, ಮನಿ ಸಣ್ಣದೈತಿ’ ಎಂದು ಕಳಿಸಿದ್ದರಂತೆ. ಎರಡರಲ್ಲೂ ಅದೇ ಹಾಡು ಬರುತ್ತದೆ, ಒಂದು ಹೋದರೆ ಸದ್ದು ಕಡಿಮೆಯಾಗುತ್ತದೆ ಅಷ್ಟೇ ಎಂದು ಎಲ್ಲರೂ ತಿಳಿದಿದ್ದೆವು. ಆ ಕಾಲದ ರೆಕಾರ್ಡಿನವರಿಗೆ ಹೊಸ ಹುಚ್ಚು: ಗಿಟಾರನ್ನು ಒಂದು ಕಡೆ ಕೂಡಿಸುವುದು, ಪಿಯಾನೋವನ್ನು ಇನ್ನೊಂದು ಕಡೆ. ಸತ್ತ ಡಬ್ಬಿಯ ಜೊತೆ ನಮ್ಮ ಮನೆಯ ಪಿಯಾನೋವೂ ಸತ್ತಿತ್ತು.

‘ಪಿಯಾನೋದಾಂವ ಅಷ್ಟ ಚೊಲೊ ಬಾರಸ್ತಿದ್ದ, ರೆಕಾರ್ಡಿನ್ಯಾಗ ಯಾಕ ಇಲ್ಲ ಅಂತ ನನಗ ಅನಸ್ತಿತ್ತು’ ಎಂದರು ಕಾಕಾ. ‘ರೆಕಾರ್ಡ್ ಮಾಡಾವಗೂ ಅವಗೂ ಜಗಳ ಆಗಿರಬೇಕು ಅಂತ ಬಿಟ್ಟಿದ್ದೆ.’

ಕಾಕು ಅಷ್ಟರಲ್ಲಿ ಇಯರ್‌ಫೋನು ಕಸಿದುಕೊಂಡು ಎರಡೂ ಕಿವಿಗೆ ಇಟ್ಟುಕೊಂಡಿದ್ದರು. ಕಣ್ಣುಮುಚ್ಚಿ ಕೇಳಿದರು. ಎಡಗಿವಿಯ ಮೇಲೆ ಬೆರಳಿಟ್ಟು, ‘ಇದು ಇವರದು’ ಎಂದರು. ‘ಸಂಡಿಗಿ ಮ್ಯಾಲಿನ ಕಾಗಿ ಹೊಡಿಯೂ ಚಪ್ಪಾಳಿ. ಲಗ್ನ ಆದಾಗಿಂದ ಕೇಳೇನಿ, ನನಗ ಗೊತ್ತಿಲ್ಲೇನು? ಆ ಧಪ್ ಅನ್ನೂದು ಇವರದಲ್ಲ ಅಂತ ನಾ ಹೊಸದಾಗಿ ಬಂದಾಗಽ ಹೇಳಿದ್ದೆ. ನನ್ನ ಮಾತು ಯಾರ ಕೇಳಿದ್ರಿ?’

ಪಿಯಾನೋ ಇದ್ದದ್ದು ಕಾಕಾ ಕುಳಿತ ಕಡೆ. ಕಾಕಾನ ಚಪ್ಪಾಳೆ ಪಿಯಾನೋದ ಜೊತೆಗಿದೆ. ಲೆಕ್ಕ ತಾಳೆಯಾಯಿತು, ನಾನು ಬೇಡವೆಂದರೂ ಆಯಿತು. ಬೀಗರಿಗೆ ಕೇಳಿಸಿದ್ದು, ಉರುಸಿನ ನೆಂಟರಿಗೆ ಕೇಳಿಸಿದ್ದು, ನನ್ನ ಮದುವೆ ಕೂಡಿಸಿದ್ದು, ನಾನು ಸ್ಟಾಫ್ ರೂಮಿನಲ್ಲಿ ಸಾರು ಹೆಗಲುಗಳನ್ನು ಸೋಲಿಸಿದ್ದು, ಎಲ್ಲ ಆ ಬೆಟ್ಟದ ಹಳ್ಳಿಯವನ ಕೈ. ಕದ್ದವರು ಯಾರು ಎಂದು ಈಗ ಹೇಳುವ ಅಗತ್ಯವಿಲ್ಲ.

ನಾನು ಕುಗ್ಗಿ ಕುಳಿತಿದ್ದೆ. ಕಾಕಾ ಮಾತ್ರ ಎದ್ದು ಪಡಸಾಲೆಯಲ್ಲಿ ಓಡಾಡತೊಡಗಿದರು. ಅಷ್ಟು ಖುಷಿಯಾಗಿ ನಾನು ಅವರನ್ನು ನೋಡಿಯೇ ಇರಲಿಲ್ಲ. ‘ಇದ್ದ ನೋಡವಾ! ಮನಷ್ಯಾ ಇದ್ದ! ಗ್ವಾಡಿ ಅಲ್ಲ!’ ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಖ ನೋಡಿ ನಿಂತರು. ‘ಯಾಕ ಅಳಮಾರಿ ಮಾಡಿ ಬೇ? ನಾ ಒಬ್ಬಾಂವನಽ ಹಿಡದಿದ್ರ ಅದು ಬರೇ ಹಟ. ಆಚಿ ಕಡಿಂದ ಇನ್ನೊಬ್ಬಾಂವನೂ ಹಿಡದಾನ ಅಂದ್ರ, ನಾ ಹಿಡದದ್ದು ಖರೇ ತಾಳ.’

ಕಾಕುವಿನ ಚಿಂತೆ ಬೇರೆಯಿತ್ತು. ‘ಇಷ್ಟು ವರ್ಷ ಆ ಪರದೇಶಿ ಮನಷ್ಯಾ ನಮ್ಮ ಮನ್ಯಾಗ ಇದ್ದ. ಬಂದವರಿಗೆಲ್ಲಾ ಚಾ ಕೊಟ್ಟಿವಿ, ಅವನ ಹೆಸರಿಲೆ ಒಂದು ಕಪ್ಪು ಇಡಲಿಲ್ಲಲ್ಲ’ ಎಂದು ಪೇಚಾಡಿದರು.

ಆ ಹೆಣ್ಣುಮಗಳಿಗೆ ಬರೆದಿಟ್ಟ ಜಗಳವನ್ನು ಅಳಿಸಿ ಹೊಸದಾಗಿ ಬರೆದೆ. ನಿಮ್ಮ ತಂದೆಯ ಚಪ್ಪಾಳೆ ಬಲಗಡೆಯದು. ಅದನ್ನು ನಾವು ತಿಳಿಯದೆ ನಮ್ಮದೆಂದು ಸಾಕಿಕೊಂಡಿದ್ದೆವು. ಎಡಗಡೆಯದು ನನ್ನ ಕಾಕಾನದು, ಇಲ್ಲೇ ಪಕ್ಕದಲ್ಲಿ ಕುಳಿತಿದ್ದಾರೆ. ಅಂದು ಆಚೆ ಕಡೆ ಒಬ್ಬರಿದ್ದರು ಎಂದು ಇಂದು ಅವರಿಗೆ ಖಾತ್ರಿಯಾಯಿತು. ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಯಲು ನನಗೆ ಒಂದು ಸಲವೂ ಅಳಿಸಬೇಕಾಗಲಿಲ್ಲ. ಉತ್ತರ ಬರಲಿಲ್ಲ. ಕಾಕಾ ದಿನಾ ಫೋನು ಮಾಡಿ ‘ಬಂತೇನು?’ ಎಂದು ಕೇಳುತ್ತಿದ್ದರು.

ಸ್ನೇಹಸಮ್ಮೇಳನದ ದಿನ ಕಾಕಾ ಅದೇ ವಿಭೂತಿ, ಹೊಸ ಕೋಟು ಹಾಕಿಕೊಂಡು ಬಂದರು. ವೇದಿಕೆ ಹತ್ತುವ ಮೊದಲು ಮೈಕ್‌ಸೆಟ್ಟಿನವರ ಹತ್ತಿರ ಹೋಗಿ ಎರಡೂ ಡಬ್ಬಿ ನಡೆಯುತ್ತಿವೆಯೇ ಎಂದು ಕಿವಿಯಿಟ್ಟು ನೋಡಿದರು. ಆಮೇಲೆ ಮಕ್ಕಳಿಗೆ ಎಲ್ಲವನ್ನೂ ಹೇಳಿದರು. ಫಕೀರಪ್ಪಜ್ಜನ ತಂಬಾಕು, ಜ್ವರ ಬಂದವನ ಟಿಕೆಟ್ಟು, ಸತ್ತ ಡಬ್ಬಿ, ಒಂದನ್ನೂ ಬಿಡಲಿಲ್ಲ. ‘ಈ ಕಡೆ ಚಟ್ ಅನ್ನೂದು ನಂದು. ಆ ಕಡೆ ಧಪ್ ಅನ್ನೂದು ನಮ್ಮ ದೋಸ್ತಂದು. ಅವನ ಹೆಸರು ನನಗ ಗೊತ್ತಿಲ್ಲ. ಮದಲು ಅವಂದು ಕೇಳ್ರಿ, ಭಾಳ ಘಟ್ಟಿ ಕೈ’ ಎಂದರು. ತನ್ನ ಮಗನನ್ನು ಸಭೆಗೆ ಪರಿಚಯಿಸುವ ತಂದೆಯ ಜಂಬ ಅವರ ದನಿಯಲ್ಲಿತ್ತು. ಮಕ್ಕಳು ಮೊದಲು ನಾಲ್ಕರ ಲೆಕ್ಕಕ್ಕೆ ಚಪ್ಪಾಳೆ ಹಾಕಿ ಎಡವಿದರು. ಕಾಕಾ ಮೈಕು ಬಿಟ್ಟು ಇಳಿದು ಬಂದು ಅವರ ನಡುವೆ ನಿಂತು ಏಳನ್ನು ಮೂರು, ಎರಡು, ಎರಡು ಎಂದು ಒಡೆದು ತೋರಿಸಿದರು. ಭಾಗಾಕಾರಕ್ಕೆ ಆಕಳಿಸುವ ನನ್ನ ಒಂಬತ್ತನೆಯ ಇಯತ್ತೆಯವರು ಅದನ್ನು ಕ್ಷಣದಲ್ಲಿ ಹಿಡಿದರು. ಶಿಕ್ಷಕರ ಸಾಲಿನಲ್ಲಿ ಕುಳಿತ ನನಗೆ ಎದೆ ಉಬ್ಬಿತು. ನಮ್ಮದಲ್ಲದ ಚಪ್ಪಾಳೆಯ ಬಗ್ಗೆ ಇಷ್ಟು ಹೆಮ್ಮೆಪಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಕಾರ್ಯಕ್ರಮ ಮುಗಿದು ಸ್ಟಾಫ್ ರೂಮಿನಲ್ಲಿ ಶಿರಾ ಉಪ್ಪಿಟ್ಟು ತಿನ್ನುತ್ತಿರುವಾಗ ಉತ್ತರ ಬಂತು. ಕಾಕಾ ಎದುರಿಗಿದ್ದರು, ಕಾಕು ಪಕ್ಕದಲ್ಲಿ. ನಾನು ಓದುತ್ತ ಕನ್ನಡ ಮಾಡುತ್ತ ಹೋದೆ. ಆಕೆಗೆ ಬಹಳ ಸಂತೋಷವಾಗಿತ್ತು. ಪಿಯಾನೋದ ಕಡೆ ಇನ್ನೊಬ್ಬನಿದ್ದ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು, ಅದು ಅಪ್ಪನದೇ ಪ್ರತಿಧ್ವನಿ ಎಂದುಕೊಂಡು ನಾವು ಮಕ್ಕಳು ನಂಬಿರಲಿಲ್ಲ ಎಂದಿದ್ದಳು. ಆಮೇಲೆ ಒಂದು ಮಾತು ಸೇರಿಸಿದ್ದಳು: ಅಪ್ಪ ಹೇಳುತ್ತಿದ್ದದ್ದನ್ನು ಇದ್ದಂತೆ ಬರೆಯುತ್ತೇನೆ, ನಿಮ್ಮ ಕಾಕಾ ಬೇಜಾರು ಮಾಡಿಕೊಳ್ಳಬಾರದು. ಆ ಪಿಯಾನೋ ಕಡೆಯವನು ಒಳ್ಳೆಯವನೇ, ಆದರೆ ಸ್ವಲ್ಪ ಅವಸರ ಮಾಡುತ್ತಿದ್ದ. ಅವನನ್ನು ಹಿಡಿದು ನಿಲ್ಲಿಸಲೆಂದೇ ತಾನು ಅಷ್ಟು ಗಟ್ಟಿಯಾಗಿ ಹೊಡೆಯಬೇಕಾಯಿತು.

ಕಾಕಾ ಶಿರಾದ ತಟ್ಟೆ ಕೆಳಗಿಟ್ಟರು.

‘ನಾ ಅವಸರ ಮಾಡಿದ್ನೇನು?’ ಅವರ ದನಿಗೆ ಹೆಡ್‌ಮಾಸ್ತರರು ತಿರುಗಿ ನೋಡಿದರು. ‘ನಾನು? ಅಂವ ಹಿಂದ ಬೀಳ್ತಿದ್ದ! ಅಂವನ್ನ ಜಗ್ಗಿ ಜಗ್ಗಿ ತಂದಾಂವ ನಾನು! ಮಠದಾಗ ಯಾರಽ ಒಬ್ಬರು ನನ್ನ ತಾಳಕ್ಕ ಹೆಸರಿಟ್ಟಿದ್ರ—’

ಅಲ್ಲಿಗೆ ನಿಂತರು. ಬಾಯಿ ತೆರೆದದ್ದು ಹಾಗೇ ಇತ್ತು. ಕಣ್ಣಲ್ಲಿ ನೀರು ತುಂಬಿಕೊಳ್ಳುವುದನ್ನು ನಾನು ನೋಡಿದೆ.

‘ಅಂದ್ರ ಅವಗ ನಾ ಕೇಳಸ್ತಿದ್ದೆ’ ಎಂದರು.

ಕಾಕು ಸೆರಗಿನ ತುದಿಯನ್ನು ಅವರ ಕೈಗೆ ಕೊಟ್ಟರು. ಅವರು ಮುಖ ಒರೆಸಿಕೊಂಡು ನನ್ನ ಫೋನಿನ ಕಡೆ ಬೆರಳು ಮಾಡಿದರು.

‘ಬರಿ ಆಕಿಗೆ. ನಿಮ್ಮ ಅಪ್ಪ ಹೇಳಿದ್ದು ಖರೇ ಐತಿ, ಒಂದೀಟು ಅವಸರ ಮಾಡಿದ್ದೆ ಅಂತ ಬರಿ.’

ಕಾಕಾ ತಮ್ಮದು ತಪ್ಪು ಎಂದು ಒಪ್ಪಿದ್ದನ್ನು ಕಾಕು ನೋಡಿದ್ದು ಅದೇ ಮೊದಲು. ನಾನು ಬರೆದೆ. ಕೆಳಗೆ ಕಾಕಾನ ಪೂರ್ತಿ ಹೆಸರು ಹಾಕಿ, ಊರು ಮೊರಬ ಎಂದೂ ಸೇರಿಸಿದೆ, ಬಹಳ ಹೆಮ್ಮೆಯಿಂದ.